ಮಳೆಗಾಲದ ಆನ್‌ಲೈನ್ ತರಗತಿಗೆ ಕಹೂಟ್, ಕ್ವಿಝಿಝ್, ಪ್ಲಿಕರ್ಸ್: ಪೈಪೋಟಿ ಎಲ್ಲಿ ಬೇಕು, ಎಲ್ಲಿ ಬೇಡ

ಕಹೂಟ್, ಕ್ವಿಝಿಝ್ ತರಹದ ರಸಪ್ರಶ್ನೆ ಆ್ಯಪ್‌ಗಳಲ್ಲಿ ನನ್ನ ಓಟು ಕ್ವಿಝಿಝ್‌ಗೆ. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, 2025ರಿಂದ ವೇಗ್ರೌಂಡ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದೂ ಟೈಮರ್ ಆಫ್ ಮಾಡಿ, ಹೋಂವರ್ಕ್ ಆಗಿ ಕಳಿಸುವುದಾದರೆ ಮಾತ್ರ. ಮಜಾ ಕಹೂಟ್‌ನಲ್ಲೇ ಜಾಸ್ತಿ, ಒಪ್ಪಿದೆ. ಆದರೆ ಮಳೆ ರಜೆ ಕೊಟ್ಟ ದಿನ ಕೊಡಗಿನ ಭಾಗಮಂಡಲ, ನಾಪೋಕ್ಲು ಕಡೆಯ ಮಕ್ಕಳು ಮನೆಯಿಂದಲೇ ಸೇರುವ ತರಗತಿಗೆ ಅದರ ಪೈಪೋಟಿ ಆಗಿಬರುವುದಿಲ್ಲ.

ಕಾರಣ ಅಂಕ ಕೊಡುವ ಲೆಕ್ಕದಲ್ಲಿದೆ. ಕಹೂಟ್‌ನಲ್ಲಿ ತಕ್ಷಣ ಒತ್ತಿದ ಸರಿ ಉತ್ತರಕ್ಕೆ 1000 ಅಂಕ. ತಡವಾದಷ್ಟೂ ಇಳಿಯುತ್ತಾ ಹೋಗಿ ಕೊನೇ ಗಳಿಗೆಗೆ 500ರ ಹತ್ತಿರ ನಿಲ್ಲುತ್ತದೆ. 20 ಸೆಕೆಂಡಿನ ಪ್ರಶ್ನೆ ಅಂದುಕೊಳ್ಳಿ. ಮಡಿಕೇರಿಯಲ್ಲಿ ಫೈಬರ್ ಇರುವ ಮನೆಯ ಹುಡುಗಿ 2 ಸೆಕೆಂಡಿಗೆ ಒತ್ತಿದರೆ 950. ತೋಟದ ಲೈನ್ ಮನೆಯ ಹುಡುಗನಿಗೂ ಉತ್ತರ ಅಷ್ಟೇ ಬೇಗ ಹೊಳೆಯಿತು, ಆದರೆ ಪ್ರಶ್ನೆ ಕಾಣಿಸಿದ್ದೇ 6 ಸೆಕೆಂಡು ತಡವಾಗಿ. ಅವನಿಗೆ 800. ಹತ್ತೂ ಉತ್ತರ ಸರಿ ಇದ್ದರೂ 1500 ಅಂಕವನ್ನು ರೇಂಜ್ ನುಂಗಿ ಹಾಕಿತು! ಮೇಲಿಂದ, ಪ್ರತಿ ಪ್ರಶ್ನೆ ಮುಗಿದಾಗಲೂ ಮೊದಲ ಐವರ ಹೆಸರು ಪರದೆ ಮೇಲೆ ಬರುತ್ತದೆ. ನಾಲ್ಕನೇ ಪ್ರಶ್ನೆ ಹೊತ್ತಿಗೆ ಹಿಂದೆ ಬಿದ್ದವರು ಓದದೆಯೇ ಯಾವುದೋ ಒಂದು ಬಣ್ಣದ ಉತ್ತರದ ಗುಂಡಿ ಒತ್ತಲು ಶುರು ಮಾಡುತ್ತಾರೆ.

ಈ ತಡ ಆಗುವುದು ಎರಡು ಕಡೆ. ಒಂದು, ಪ್ರಶ್ನೆ ಇರುವುದು ಶಿಕ್ಷಕರ ಪರದೆಯಲ್ಲಿ. ಅದು ಗೂಗಲ್ ಮೀಟ್‌ನ ಸ್ಕ್ರೀನ್ ಶೇರ್ ಮೂಲಕ ತೆವಳಿಕೊಂಡು ಬರುವಷ್ಟರಲ್ಲಿ ಟೈಮರ್ ಓಡುತ್ತಿರುತ್ತದೆ. ಎರಡು, ಮಗುವಿನ ಕೈಲಿರುವುದು ಒಂದೇ ಫೋನು. ಮೀಟ್‌ನಲ್ಲಿ ಪ್ರಶ್ನೆ ಓದಿ, ಆ್ಯಪ್ ಬದಲಿಸಿ, ಸರಿ ಉತ್ತರದ ಗುರುತು ಕೆಂಪು ತ್ರಿಕೋನವೋ ಹಳದಿ ವೃತ್ತವೋ ಎಂದು ನೆನಪಿಟ್ಟುಕೊಂಡು ಒತ್ತಬೇಕು. ಕಹೂಟನ್ನೇ ಬಳಸಬೇಕೆಂದಿದ್ದರೆ ಪ್ರಶ್ನೆ ಮತ್ತು ಆಯ್ಕೆಗಳು ಆಡುವವರ ಫೋನಿನಲ್ಲೇ ಕಾಣುವ ಸೆಟ್ಟಿಂಗ್ ಆನ್ ಮಾಡಿ, ಸಮಯವನ್ನು 60 ಸೆಕೆಂಡಿಗೆ ಏರಿಸಿ. ಆಗ ಅದೇ 6 ಸೆಕೆಂಡಿಗೆ ಹೋಗುವುದು 50 ಅಂಕ ಅಷ್ಟೇ. 10 ಸೆಕೆಂಡಿನ ಟೈಮರ್‌ನಲ್ಲಾದರೆ 300.

ಕನ್ನಡದಲ್ಲಿ ಪ್ರಶ್ನೆ ಬರೆಯುವವರಿಗೆ ಇನ್ನೊಂದು ತಾಪತ್ರಯ. ಕಹೂಟ್‌ನ ಪ್ರಶ್ನೆಗೆ 120, ಆಯ್ಕೆಗೆ 75 ಅಕ್ಷರದ ಮಿತಿ. ಕಂಪ್ಯೂಟರಿಗೆ ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಬೇರೆಬೇರೆ ಎಣಿಕೆ. ‘ಸ್ತ್ರೀ’ ಒಂದಕ್ಕೇ ಆರು ಖರ್ಚಾಗುತ್ತದೆ.

ಕ್ವಿಝಿಝ್‌ನಲ್ಲಿ ಪ್ರಶ್ನೆ, ಆಯ್ಕೆ ಎರಡೂ ಮಗುವಿನ ಫೋನಿನಲ್ಲೇ ಬರುತ್ತವೆ, ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಹೋಗಬಹುದು. ಕೊನೆಯ ಗಡುವನ್ನು ಮರುದಿನ ರಾತ್ರಿಗೆ ಇಡಿ, ಏಕೆಂದರೆ ಅಪ್ಪನೋ ಅಮ್ಮನೋ ತೋಟದ ಕೆಲಸ ಮುಗಿಸಿ ಬಂದ ಮೇಲೇ ಫೋನು ಮನೆಗೆ ಬರುತ್ತದೆ. ಕರೆಂಟು ಹೋದರೆ ಹಿಂದೆಯೇ ಟವರೂ ಹೋಗುತ್ತದೆ. ಟೈಮರ್ ಆಫ್, ಪವರ್-ಅಪ್ (ಆಟದ ನಡುವೆ ಸಿಗುವ ಬೋನಸ್) ಆಫ್. ಪವರ್-ಅಪ್ ಇದ್ದರೆ ಅಂಕ ಅದೃಷ್ಟದ ಆಟವಾಗುತ್ತದೆ. ಪ್ರಶ್ನೆ, ಆಯ್ಕೆಗಳ ಕ್ರಮ ಕಲೆಸಿಡಿ, ಇಲ್ಲದಿದ್ದರೆ ಉತ್ತರಗಳ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಅಡ್ಡಹೆಸರಲ್ಲಿ ಸೇರಲು ಬಿಡಬೇಡಿ. ಆಮೇಲೆ ‘ಟೈಗರ್ 007’ ಯಾರೆಂದು ಹುಡುಕುತ್ತಾ ಕೂರಬೇಕಾಗುತ್ತದೆ. ಎರಡು ಸಲ ಪ್ರಯತ್ನಿಸಲು ಅವಕಾಶ ಕೊಟ್ಟು, ಮೊದಲ ಸಲಕ್ಕಿಂತ ಎಷ್ಟು ಏರಿತು ಎಂಬುದನ್ನಷ್ಟೇ ಗುಂಪಿನಲ್ಲಿ ಹಾಕಿದರೆ ಪೈಪೋಟಿಯೂ ಉಳಿಯುತ್ತದೆ, ಹಿಂದೆ ಬಿದ್ದ ಮಗುವೂ ಆಟದಲ್ಲಿ ಉಳಿಯುತ್ತದೆ.

ಭಾಷೆ ಕಲಿಸುವ ಆ್ಯಪ್ ಡುಯೊಲಿಂಗೊದ ಲೀಗ್ ತರಹದ್ದು ಶಾಲೆಗೆ ಬೇಡ. ಗುರುತಿಲ್ಲದವರ ಜೊತೆ ವಾರವಿಡೀ ಅಂಕದ ಓಟ, ಗೆಲ್ಲಲು ಸುಲಭದ ಪಾಠವನ್ನೇ ಮತ್ತೆ ಮತ್ತೆ ಮಾಡುವ ಚಾಳಿ.

ಶಾಲೆ ತೆರೆದ ದಿನಗಳಲ್ಲಿ, ಎಲ್ಲರೂ ಒಂದೇ ಕೋಣೆಯಲ್ಲಿ ಕೂತಾಗ ಕಹೂಟ್‌ಗೆ ಬೆಲೆ ಬರುತ್ತದೆ, ಅದರಲ್ಲೂ ತಂಡದ ಮೋಡ್‌ಗೆ. ನಾಲ್ವರಿಗೆ ಒಂದು ಫೋನು, ಉತ್ತರಿಸುವ ಮೊದಲು ಮಾತಾಡಿಕೊಳ್ಳಲು 5 ಸೆಕೆಂಡು. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಸೋತರೆ ಇಡೀ ಒಕ್ಕವೇ (ಮನೆತನವೇ) ಸೋತ ಹಾಗೆ, ಒಬ್ಬನ ಮೇಲೆ ಬೊಟ್ಟು ಬೀಳುವುದಿಲ್ಲ, ಇಲ್ಲೂ ಅಷ್ಟೇ.

ಮಕ್ಕಳ ಹತ್ತಿರ ಫೋನೇ ಇಲ್ಲದಿದ್ದರೆ ಪ್ಲಿಕರ್ಸ್: ತರಗತಿಯಲ್ಲಿ ಮಕ್ಕಳು ಉತ್ತರಕ್ಕೆ ತಕ್ಕಂತೆ ಕಾರ್ಡ್ ತಿರುಗಿಸಿ ಎತ್ತುತ್ತಾರೆ, ಶಿಕ್ಷಕರ ಫೋನಿನ ಕ್ಯಾಮೆರಾ ಅದನ್ನು ಓದುತ್ತದೆ. ಖರ್ಚು ಕಾರ್ಡ್ ಪ್ರಿಂಟಿಗೆ ಮಾತ್ರ, ಇಂಟರ್ನೆಟ್ ಬೇಕಾಗುವುದು ಶಿಕ್ಷಕರ ಕಡೆಗಷ್ಟೇ, ಬೇಗ ಎತ್ತಿದವರಿಗೆ ಹೆಚ್ಚು ಅಂಕ ಎಂಬುದೂ ಇಲ್ಲ. ಮಳೆಗಾಲದ ತೇವಕ್ಕೆ ಕಾಗದ ಮುದುಡುತ್ತದೆಂದು ಹೊಳೆಯುವ ಲ್ಯಾಮಿನೇಶನ್ ಮಾಡಿಸಬೇಡಿ, ಟ್ಯೂಬ್‌ಲೈಟಿನ ಬೆಳಕು ಬಡಿದು ಕ್ಯಾಮೆರಾ ಓದುವುದಿಲ್ಲ. ದಪ್ಪ ರಟ್ಟಿಗೆ ಅಂಟಿಸಿ, ಕಪ್ಪು ಗುರುತಿನ ಮೇಲೆ ಹೆಬ್ಬೆರಳು ಬಾರದಂತೆ ಅಂಚು ಹಿಡಿಯಲು ಹೇಳಿಕೊಡಿ.