ನೀವೇ ಕಟ್ಟಿದ ಮಕ್ಕಳ ಕಥಿ ಪ್ರಕಾಶಕರಿಗೆ ಕೊಡೂ ಮುಂಚೆ ಇದನ್ನ ಓದ್ರಿ

ರಾಜಕುಮಾರಿ, ರಾಕ್ಷಸ, ಮಾತಾಡೋ ಬಾವಿ ಇಂಥಾ ಕಥಿ ಸ್ವಂತ ಬರಿಯೋರು ನಮ್ಮ ವಿಜಯಪುರ, ಬಾಗಲಕೋಟಿ ಕಡೆ ಅದಾರ, ಅದ್ರಾಗ ನನ್ನಂಗ ಸಾಲಿ ಟೀಚರ್‌ಗಳೂ ಅದಾರ. ನಿಮಗೆಲ್ಲ ಕೈಮುಗಿದು ಹೇಳ್ತೀನಿ, ಇವು ಲೇಖಕರ ಸ್ವತಂತ್ರ ರಚನೆ ಅಂತ ಒಪ್ಪಂದದಾಗ ಬರಿಸಿಕೊಳ್ಳದೇ ಕಥಿ ಫೈಲ್ ಯಾರಿಗೂ ಕಳಿಸಬ್ಯಾಡ್ರಿ.

ಗೋಳಗುಮ್ಮಟದ ಗ್ಯಾಲರಿಯಾಗ ಕೂಗಿದ್ರ ಧ್ವನಿ ತಿರುಗಿ ತಿರುಗಿ ಬರ್ತೈತಲ್ರಿ, ಅಲ್ಲಿ ಒಂದು ಹುಡುಗಿ ಧ್ವನಿ ಇಳಿಯೂ ದಾರಿ ತಪ್ಪಿ ಮ್ಯಾಲೇ ಉಳದುಬಿಟ್ಟು ರಾತ್ರಿ ಬಾವಲಿಗಳ ಕೂಡ ಜಗಳಾ ಮಾಡೂದು ನನ್ನ ಒಂದು ಕಥಿ. ವಿಜಯಪುರದ ಹಳೇ ಬಾವಿ ತಾಜ್ ಬಾವಡಿಯಾಗ ಬಿದ್ದ ಚಂದ್ರನ್ನ ಆಮೆ ಒತ್ತೆ ಇಟ್ಕೊಳ್ಳೂದು ಇನ್ನೊಂದು. ಇವನ್ನ ಯಾವ ಅಜ್ಜಿನೂ ನನಗ ಹೇಳಿಲ್ಲ, ನಾನು ಕುಂತು ಕಟ್ಟಿದ್ದು. ನಮ್ಮ ಚಡಚಣದ ಸಿಂಪಿ ಲಿಂಗಣ್ಣನವರು ಜನರ ಬಾಯಾಗಿನ ಸಾಹಿತ್ಯ ಕೂಡಿಸಿದ್ದು ಭಾಳ ದೊಡ್ಡ ಕೆಲಸ, ಡೆನ್ಮಾರ್ಕಿನ ಆಂಡರ್ಸನ್ ಹೆಚ್ಚಿನ ಕಥಿ ತಾನೇ ಕಟ್ಟಿದ್ದು ಬ್ಯಾರೆ ಕೆಲಸ, ಒಂದನ್ನ ಇನ್ನೊಂದರ ಲೆಕ್ಕಕ್ಕ ಹಚ್ಚಬಾರದು.

ಒಬ್ರು ಪ್ರಕಾಶಕರು (ಹೆಸರು ಬ್ಯಾಡ) ಓದಿ ಹೊಗಳಿದ್ರು, "ಅಕ್ಕಾರ, ಪ್ರಿಂಟಿಂಗ್ ಖರ್ಚು ಈಗ ನೀವು ಹಾಕ್ರಿ, ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಆಯ್ಕೆ ಆದ್ರ ರೊಕ್ಕ ವಾಪಸ್ ಬರ್ತಾವ" ಅಂದ್ರು. ಕೊಟ್ಟೆ. ಐಎಸ್‌ಬಿಎನ್‌ (ಪುಸ್ತಕದ ಗುರುತಿನ ನಂಬರ್) ಸಲುವಾಗಿ ಅಂತ ಬ್ಯಾರೆ ರೊಕ್ಕ ಹಚ್ಚಿದ್ರು, ಆದ್ರ ಅದು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಪುಕ್ಕಟೆ ಸಿಗ್ತೈತಿ, ಲೇಖಕರೇ ಅರ್ಜಿ ಹಾಕಬಹುದು.

ಪುಸ್ತಕ ಬಂತು, ನೋಡ್ತೀನಿ, ಮುಖಪುಟದ ಮ್ಯಾಲೆ ಜಾನಪದ ಕಥಿಗಳು ಅಂತ ಐತಿ, ಕೆಳಗ ಸಣ್ಣಾಗಿ ಸಂಗ್ರಹ ಅಂತ ಹಾಕಿ ನನ್ನ ಹೆಸರು. ಫೋನ್ ಮಾಡಿದ್ರ "ಹೊಸಬರ ಕಥಿ ಅಂದ್ರ ಯಾರ್ ತಗೋತಾರ್ರಿ ಅಕ್ಕಾರ, ಜಾನಪದ ಅಂದ್ರ ಸಾಲಿಯೋರು ತಗೋತಾರ" ಅಂದ್ರು. ಮುಂದ ಆಗಿದ್ದು ಇನ್ನೂ ಕೆಟ್ಟದ್ದು, ಆ ಧ್ವನಿ ಕಥಿಯನ್ನ ಯಾರೋ ಅನಿಮೇಷನ್ ಮಾಡಿ ಯೂಟ್ಯೂಬಿಗೆ ಹಾಕ್ಯಾರ, ನನ್ನ ಹೆಸರೇ ಇಲ್ಲ, ಕೇಳಿದ್ರ ಜಾನಪದಕ್ಕ ಮಾಲಕರು ಯಾರ್ರಿ, ನಿಮ್ಮ ಪುಸ್ತಕದಾಗೇ ಸಂಗ್ರಹ ಅಂತ ಐತಲ್ಲ ಅಂತ ನನಗೇ ಉತ್ತರ. ನನ್ನ ಕ್ಲಾಸಿನ ಹುಡುಗಿ ಒಬ್ಬಾಕಿ "ಟೀಚರ್, ಇವನ್ನ ನಿಮಗ ಯಾರು ಹೇಳಿದ್ರು?" ಅಂತ ಕೇಳಿದಾಗ ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು.

ವಕೀಲರಿಗೆ ತೋರಿಸಿದ ಮ್ಯಾಲೆ ತಿಳಿದದ್ದು ಹೇಳ್ತೀನಿ. ಕಾಪಿರೈಟ್ ಕಾಯ್ದೆ 1957ರ ಸೆಕ್ಷನ್ 57ರ ಪ್ರಕಾರ, ಹಕ್ಕು ಬ್ಯಾರೆಯವರಿಗೆ ಬರದು ಕೊಟ್ಟಿದ್ರೂ ಇದು ನನ್ನ ಕೃತಿ ಅಂತ ಹೇಳೂ ಹಕ್ಕು ಲೇಖಕರದ್ದೇ. ಹಕ್ಕು ಎಷ್ಟು ವರ್ಷಕ್ಕ ಕೊಟ್ಟೀವಿ ಅಂತ ಪತ್ರದಾಗ ಇಲ್ಲಂದ್ರ ಸೆಕ್ಷನ್ 19 ಅದನ್ನ 5 ವರ್ಷ ಅಂತ ಹಿಡೀತೈತಿ, ಅದಕ್ಕೇ ನನ್ನ ಕಾಗದದಾಗ ಶಾಶ್ವತವಾಗಿ ಅಂತ ತುರುಕಿದ್ರು. ಕಾಪಿರೈಟ್ ಲೇಖಕರು ತೀರಿಕೊಂಡ ಮ್ಯಾಲೂ 60 ವರ್ಷ ಇರ್ತೈತಿ, ಅಂದ್ರ ಶಾಶ್ವತವಾಗಿ ಅಂತ ಬರದು ಕೊಟ್ರ ಮೊಮ್ಮಕ್ಕಳ ಪಾಲೂ ಹೋದಂಗ. ಆ ಶಬ್ದ ಕಂಡ್ರ ಹೊಡದು ಹಾಕ್ರಿ, ವರ್ಷ ಬರಿಸ್ರಿ, ಆಡಿಯೋ, ವಿಡಿಯೋ, ಅನುವಾದದ ಹಕ್ಕು ನಿಮ್ಮ ಹತ್ರಾನೇ ಇಟ್ಕೊಳ್ರಿ, ಮುಖಪುಟ ನೋಡಿ ಒಪ್ಪಿಗಿ ಕೊಡೂ ತನಕ ಪ್ರಿಂಟಿಗೆ ಹೋಗಬಾರದು ಅಂತಾನೂ ಸೇರಿಸ್ರಿ. ಕಾಪಿರೈಟ್ ನೋಂದಣಿ ಕಡ್ಡಾಯ ಅಲ್ಲ, ಆದ್ರ ಸಾಹಿತ್ಯ ಕೃತಿಗೆ ಫೀ 500 ರೂಪಾಯಿ, ಜಗಳಾ ಬಿದ್ದಾಗ ಪುರಾವೆ ಆಗ್ತೈತಿ.

ಸ್ಟೋರಿವೀವರ್ ಅನ್ನೂ ಮಕ್ಕಳ ಕಥಿ ವೆಬ್‌ಸೈಟಿಗೆ ಕಥಿ ಹಾಕೋರೂ ಒಂದು ತಿಳ್ಕೊಂಡಿರ್ರಿ, ಅಲ್ಲಿ ಲೈಸೆನ್ಸೇ ಮುಕ್ತ, ಹೆಸರು ಹಾಕಿ ಯಾರು ಬೇಕಾದ್ರೂ ಬಳಸಬಹುದು. ಆದ್ರ ಅವರು ಅದನ್ನ ಮೊದಲೇ ಹೇಳ್ತಾರ, ಹಂಗಾಗಿ ಅದು ಮೋಸ ಅಲ್ಲ.

ನೋಟಿಸ್ ಹೋದ ಮ್ಯಾಲೆ ಪ್ರಕಾಶಕರು ಉಳಿದ ಪ್ರತಿಗಳಿಗೆ ಸ್ಟಿಕ್ಕರ್ ಹಚ್ಯಾರ. ಮಾರಿ ಹೋದವು ಹಂಗೇ ಅದಾವ, ಯೂಟ್ಯೂಬಿನ ವಿಡಿಯೋಕ್ಕ ದೂರು ಕೊಟ್ಟೀನಿ, ಇನ್ನೂ ತಗದಿಲ್ಲ.