ಜುಲೈ ತಿಂಗಳಲ್ಲೂ ನಮ್ಮ ಗೇಟ್‌ವರೆಗೆ ಬರುವವರು: ಕೊಡಗಿನಿಂದ ಎಂಟು ವರ್ಷದ ಪಾರ್ಸೆಲ್ ಅನುಭವ

ನಾಪೋಕ್ಲಿನಿಂದ ಕಕ್ಕಬ್ಬೆ ಕಡೆಗೆ ಹೋಗುವಾಗ ಮುಖ್ಯ ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ ನಮ್ಮ ಮನೆ. ಅದರಲ್ಲಿ ಅರ್ಧ ದಾರಿ ಮಣ್ಣಿನದು. 2017ರಿಂದ ನಾನು ಮನೆಯಿಂದಲೇ ಕಾಫಿ ಪುಡಿ, ಕರಿಮೆಣಸು, ಜೇನು, ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಡೆಯ ಕಪ್ಪು ಹುಳಿ) ಪ್ಯಾಕ್ ಮಾಡಿ ಬೇರೆ ಊರುಗಳಿಗೆ ಕಳಿಸುತ್ತಿದ್ದೇನೆ. ತಿಂಗಳಿಗೆ ಮೂವತ್ತು ನಲವತ್ತು ಪಾರ್ಸೆಲ್ ಹೋಗುತ್ತವೆ. ದೀಪಾವಳಿಗೂ ನಮ್ಮ ಸುಗ್ಗಿ ಹಬ್ಬ ಹುತ್ತರಿಗೂ ಇನ್ನೂ ಜಾಸ್ತಿ. ಬರುವುದೂ ಕಮ್ಮಿ ಏನಿಲ್ಲ. ಮಕ್ಕಳ ಪುಸ್ತಕ, ಅತ್ತೆಯ ಮಾತ್ರೆ, ಕಳೆ ಕೊಚ್ಚುವ ಮೆಷಿನ್‌ನ ಬಿಡಿಭಾಗ, ಖಾಲಿ ಬಾಟಲಿಗಳು ಎಲ್ಲವೂ ಪಾರ್ಸೆಲ್‌ನಲ್ಲೇ ಬರುತ್ತವೆ.

"ಯಾವ ಕೊರಿಯರ್ ಒಳ್ಳೇದು?" ಅಂತ ಹೊಸದಾಗಿ ಶುರು ಮಾಡುವ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಬೆಂಗಳೂರಿನವರು ಬರೆದ ವಿಮರ್ಶೆ ಓದಿದರೆ ನಮಗೆ ಉಪಯೋಗವಿಲ್ಲ. ಅವರಿಗೆ ಎಷ್ಟು ಬೇಗ ಬಂತು, ಎಷ್ಟು ಅಗ್ಗ ಅನ್ನುವುದು ಮುಖ್ಯ. ನನಗೆ ಒಂದೇ ಪರೀಕ್ಷೆ. ಜುಲೈಯಲ್ಲಿ, ನಮ್ಮ ಕಕ್ಕಡ ತಿಂಗಳ ಮಳೆ ಸುರಿಯುತ್ತಿರುವಾಗ, ಯಾರು ನಮ್ಮ ಗೇಟ್‌ವರೆಗೆ ಬರುತ್ತಾರೆ? ಡಿಸೆಂಬರ್‌ನಲ್ಲಿ ಎಲ್ಲರೂ ಬರುತ್ತಾರೆ.

ಮೊದಲು ನಮ್ಮ ಜಿಲ್ಲೆಯ ಪರಿಸ್ಥಿತಿ ಹೇಳಬೇಕು. ಕೊಡಗಿಗೆ ರೈಲಿಲ್ಲ, ವಿಮಾನವಿಲ್ಲ. ಎಲ್ಲವೂ ರಸ್ತೆಯಲ್ಲೇ ಬರಬೇಕು. ನಮ್ಮ ಕಡೆಯ ಪಾರ್ಸೆಲ್ ಬಹುಪಾಲು ಮೈಸೂರಿಗೆ ಬಂದು, ಕುಶಾಲನಗರ ದಾಟಿ, ಮಡಿಕೇರಿ ಅಥವಾ ವಿರಾಜಪೇಟೆ ಸೇರಿ, ಅಲ್ಲಿಂದ ನಾಪೋಕ್ಲಿಗೆ ಬರುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯಕ್ಕೆ ಜಿಲ್ಲಾಡಳಿತ ಭಾರಿ ವಾಹನಗಳನ್ನು ನಿಲ್ಲಿಸುವುದುಂಟು. ಕಾವೇರಿ ಉಕ್ಕಿದರೆ ನಾಪೋಕ್ಲು-ಮೂರ್ನಾಡು ರಸ್ತೆಯ ಬೊಳಿಬಾಣೆಯಲ್ಲಿ ನೀರು ನಿಲ್ಲುತ್ತದೆ. ಅಂಥ ದಿನ ತಡವಾದರೆ ನಾನು ಯಾರನ್ನೂ ದೂರುವುದಿಲ್ಲ. ನಮ್ಮ ಮನೆಯವರೇ ಪೇಟೆಗೆ ಹೋಗಲಾಗದ ದಿನ ಇನ್ನೊಬ್ಬರ ಮಗ ಬೈಕ್‌ನಲ್ಲಿ ಬರಬೇಕು ಅಂದರೆ ಹೇಗೆ?

ನನಗೆ ಸಿಟ್ಟು ಬರುವುದು ಸುಳ್ಳಿಗೆ. 2022ರ ಜುಲೈಯಲ್ಲಿ ಅತ್ತೆಯ ಮಾತ್ರೆ ತರಿಸಿದ್ದೆ. ಕಂಪನಿಯ ಹೆಸರು ಬೇಡ. ದೊಡ್ಡ ಖಾಸಗಿ ಕಂಪನಿಯೇ. ಮೂರು ದಿನ ಒಂದರ ಹಿಂದೆ ಒಂದು ಮೆಸೇಜ್ ಬಂತು. "ಗ್ರಾಹಕರು ಮನೆಯಲ್ಲಿ ಇರಲಿಲ್ಲ." ನಾನು ಮೂರೂ ದಿನ ಮನೆಯಲ್ಲೇ ಇದ್ದೆ. ಗೇಟ್ ತೆಗೆದೇ ಇಟ್ಟಿದ್ದೆ. ನಾಯಿ ಕಟ್ಟಿ ಹಾಕಿದ್ದೆ. ನಾಲ್ಕನೇ ದಿನ ಪಾರ್ಸೆಲ್ ಮೈಸೂರಿಗೆ ವಾಪಸ್ ಹೊರಟಿತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅದೇ ವಾಕ್ಯವನ್ನು ಓದಿ ಹೇಳಿದರು. ಅತ್ತೆಗೆ ಮಾತ್ರೆ ಮುಗಿದಿತ್ತು. ಆಮೇಲೆ ನನ್ನ ಗಂಡ ಆ ಮಳೆಯಲ್ಲೇ ಜೀಪ್ ತಗೊಂಡು ಮಡಿಕೇರಿಗೆ ಹೋಗಿ ತಂದರು.

ಸ್ವಲ್ಪ ದಿನದ ನಂತರ ಆ ಪಾರ್ಸೆಲ್ ತರಬೇಕಿದ್ದ ಹುಡುಗನೇ ನಾಪೋಕ್ಲು ಪೇಟೆಯಲ್ಲಿ ಸಿಕ್ಕಿದ. ಬೈಯಬೇಕು ಅಂತಲೇ ನಿಲ್ಲಿಸಿದೆ. ಅವನ ಮುಖ ನೋಡಿ ಬೈಯಲಾಗಲಿಲ್ಲ.

"ಅಕ್ಕ, ನಂಗೆ ಪಾರ್ಸೆಲ್ ಲೆಕ್ಕದಲ್ಲಿ ದುಡ್ಡು. ಪೇಟೆ ಅಂಗಡಿಗೆ ಕೊಟ್ಟರೂ ಅಷ್ಟೇ, ನಿಮ್ಮ ಮನೆಗೆ ಬಂದರೂ ಅಷ್ಟೇ. ಪೆಟ್ರೋಲ್ ನಂದೇ. ಆ ಮಣ್ಣು ರಸ್ತೆಯಲ್ಲಿ ಎರಡು ಸಲ ಬಿದ್ದಿದ್ದೇನೆ."

ಮತ್ತೆ ಯಾಕೆ ಮನೆಯಲ್ಲಿ ಇರಲಿಲ್ಲ ಅಂತ ಹಾಕಿದೆ ಅಂದೆ. ಅವನ ಫೋನಿನಲ್ಲಿ ಆರಿಸಲು ನಾಲ್ಕೈದು ಕಾರಣಗಳು ಮಾತ್ರ ಇವೆಯಂತೆ. "ರಸ್ತೆ ಸರಿ ಇಲ್ಲ" ಅನ್ನುವುದು ಅದರಲ್ಲಿ ಇಲ್ಲವಂತೆ. ಈಗ ಆ ಹುಡುಗ ಆ ಕೆಲಸದಲ್ಲಿಲ್ಲ. ಅವನ ನಂತರ ಬಂದವರೂ ಹೆಚ್ಚು ದಿನ ನಿಲ್ಲಲಿಲ್ಲ.

ಆ ಒಂದು ಮಾತಿನಿಂದ ನನಗೆ ಬಹಳ ಅರ್ಥವಾಯಿತು. ಪಟ್ಟಣದಲ್ಲಿ ಒಂದೇ ಅಪಾರ್ಟ್‌ಮೆಂಟ್‌ನಲ್ಲಿ ಹತ್ತು ಪಾರ್ಸೆಲ್ ಕೊಟ್ಟು ಇಳಿಯಬಹುದು. ಇಲ್ಲಿ ಹತ್ತು ಪಾರ್ಸೆಲ್ ಅಂದರೆ ಹತ್ತು ತೋಟ, ಹತ್ತು ಗೇಟ್, ಹತ್ತು ನಾಯಿ, ಪೂರ್ತಿ ಒಂದು ದಿನ. ಕೂಲಿ ಮಾತ್ರ ಎರಡೂ ಕಡೆ ಒಂದೇ ರೀತಿ ಲೆಕ್ಕ ಹಾಕಿದರೆ ನಮ್ಮ ಮನೆಗೆ ಬರುವುದು ಅವನಿಗೆ ನಷ್ಟದ ಕೆಲಸ. ಕಂಪನಿಗಳು ಒಂದರ ಮೇಲೊಂದು ಬಿದ್ದು ದರ ಇಳಿಸಿದಾಗ ಗ್ರಾಹಕರಾಗಿ ನಾವು ಖುಷಿಪಡುತ್ತೇವೆ. ಆದರೆ ಆ ಇಳಿಕೆಯ ಒಂದು ಪಾಲು ಈ ಕೊನೆಯ ಹುಡುಗನ ಜೇಬಿನಿಂದ ಹೋಗುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಪೈಪೋಟಿ ಎಲ್ಲ ಮೈಸೂರಿನವರೆಗೆ, ಹೆಚ್ಚೆಂದರೆ ಕುಶಾಲನಗರದವರೆಗೆ. ಅಲ್ಲಿಂದ ಮೇಲೆ ಹತ್ತಿದ ಹಾಗೆ ಆಯ್ಕೆ ಕಮ್ಮಿಯಾಗುತ್ತದೆ.

ಈಗ ಅಂಚೆಯ ವಿಷಯ. ನಮ್ಮೂರಿನ ಬ್ರಾಂಚ್ ಪೋಸ್ಟಾಫೀಸ್ ದಿನಕ್ಕೆ ಕೆಲವೇ ಗಂಟೆ ತೆರೆದಿರುತ್ತದೆ. ಭಾನುವಾರ ಇಲ್ಲ. ಆದರೆ ಅಲ್ಲಿನ ಗ್ರಾಮೀಣ ಡಾಕ್ ಸೇವಕರಿಗೆ (ಹಳ್ಳಿಯ ಅಂಚೆ ಕೆಲಸದವರಿಗೆ) ಭತ್ಯೆ ಸಿಗುವುದು ಕೆಲಸದ ಗಂಟೆಯ ಲೆಕ್ಕದಲ್ಲಿ. ನಾಲ್ಕು ಗಂಟೆ, ಐದು ಗಂಟೆ ಅಂತ ಶ್ರೇಣಿ ಇದೆ. ನಮ್ಮ ಗೇಟ್ ದೂರ ಅಂತ ಅವರಿಗೆ ಪ್ರತಿ ಪಾರ್ಸೆಲ್‌ಗೂ ನಷ್ಟವಾಗುವುದಿಲ್ಲ. ನನ್ನ ಎಂಟು ವರ್ಷದ ಅನುಭವದಲ್ಲಿ ದೊಡ್ಡ ವ್ಯತ್ಯಾಸ ಇದೇ. ದೇಶದಲ್ಲಿ ಸುಮಾರು 1.64 ಲಕ್ಷ ಅಂಚೆ ಕಚೇರಿಗಳಿವೆ, ಅದರಲ್ಲಿ ನೂರಕ್ಕೆ ಸುಮಾರು 90 ಭಾಗ ಹಳ್ಳಿಗಳಲ್ಲೇ ಇವೆ. ಆ ಲೆಕ್ಕದ ಬೆಲೆ ಏನು ಅಂತ ತೋಟದ ಒಳಗೆ ಕೂತವರಿಗೆ ಗೊತ್ತು.

2018ರ ಆಗಸ್ಟ್ ಇಲ್ಲಿ ಯಾರೂ ಮರೆಯುವುದಿಲ್ಲ. ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿ ಮಡಿಕೇರಿ-ಮಂಗಳೂರು ಹೆದ್ದಾರಿಯೇ ಕಿತ್ತು ಹೋಯಿತು. ನಮ್ಮ ಕಡೆ ಕರೆಂಟಿಲ್ಲ, ಫೋನಿಲ್ಲ. ಪ್ಯಾಕ್ ಮಾಡಿದ್ದ ಹನ್ನೊಂದು ಪಾರ್ಸೆಲ್ ಹಾಲ್‌ನಲ್ಲೇ ಕೂತಿದ್ದವು. ರಟ್ಟಿನ ಡಬ್ಬಗಳು ತೇವಕ್ಕೆ ಮೆತ್ತಗಾಗಿ ಮೂಲೆ ಬಿಟ್ಟುಕೊಂಡವು. ಎಷ್ಟೋ ದಿನದ ನಂತರ ಹೊರಗಿನಿಂದ ಮೊದಲು ನಮ್ಮ ಅಂಗಳಕ್ಕೆ ಬಂದವರು ಪೋಸ್ಟ್‌ಮ್ಯಾನ್ ಅಣ್ಣ. ಬೈಕ್ ಮುಖ್ಯ ರಸ್ತೆಯಲ್ಲೇ ಬಿಟ್ಟು, ರೇನ್‌ಕೋಟ್ ಹಾಕಿಕೊಂಡು, ಜಿಗಣೆ ಕಚ್ಚಿಸಿಕೊಂಡು ನಡೆದು ಬಂದಿದ್ದರು. ತಂದಿದ್ದು ಒಂದು ಬ್ಯಾಂಕ್ ಕಾಗದ. "ಎಲ್ಲ ಚೆನ್ನಾಗಿದ್ದೀರಲ್ಲ ಅಕ್ಕ, ನೋಡಿಕೊಂಡು ಹೋಗೋಣ ಅಂತ ಬಂದೆ" ಅಂದರು. ಕಾಫಿ ಕುಡಿಸಿ ಕಳಿಸಿದೆ. ಅವತ್ತಿನ ಆ ಬ್ಯಾಂಕ್ ಕಾಗದ ಇವತ್ತಿಗೂ ನನ್ನ ಬೀರುವಿನಲ್ಲಿದೆ.

ಇನ್ನೊಂದು ಕೆಲಸ ಅಂಚೆ ಬಿಟ್ಟರೆ ಬೇರೆ ಯಾರಿಂದಲೂ ಆಗುವುದಿಲ್ಲ. ಕೊಡಗಿನ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಸೈನ್ಯದಲ್ಲಿದ್ದಾರೆ. ನನ್ನ ಮೈದುನನೂ ಇದ್ದಾನೆ. ಅವನ ವಿಳಾಸದಲ್ಲಿ ಊರಿನ ಹೆಸರೇ ಇಲ್ಲ. ನಂಬರ್, ಹೆಸರು, ಯೂನಿಟ್, ಕೊನೆಗೆ 56 ಎಪಿಒ (ಸೇನೆಯ ಅಂಚೆ ಕಚೇರಿ) ಅಷ್ಟೇ. ಖಾಸಗಿ ಕೌಂಟರ್‌ನಲ್ಲಿ ಈ ವಿಳಾಸ ತೋರಿಸಿದರೆ ತೆಗೆದುಕೊಳ್ಳುವುದಿಲ್ಲ. ಅದು ಸೇನಾ ಅಂಚೆ ಸೇವೆಯ ಮೂಲಕವೇ ಹೋಗಬೇಕು. ಪ್ರತಿ ಹುತ್ತರಿಗೆ ಕಾಫಿ ಪುಡಿ, ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಹುರಿದು ಪುಡಿ ಮಾಡಿದ ಮಸಾಲೆ, ಅತ್ತೆ ಕೈಯಾರೆ ಆರಿಸಿದ ಕರಿಮೆಣಸು ಕಳಿಸುತ್ತೇವೆ. ಎಲ್ಲಿಗೆ ಹೋಗುತ್ತದೋ ನಮಗೆ ಗೊತ್ತಿಲ್ಲ. ತಲುಪಿದ ದಿನ ಅವನ ಫೋನ್ ಬರುತ್ತದೆ.

ಅಂಚೆಯೂ ಈಗ ಅಗ್ಗವೇನಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು. ಅದೇ ವರ್ಷ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರವೂ ಏರಿತು. ಹೊರ ಊರಿಗೆ 50 ಗ್ರಾಂವರೆಗೆ 35 ರೂಪಾಯಿ ಇದ್ದದ್ದು 47 ಆಯಿತು, ತೆರಿಗೆ ಬೇರೆ. ನನ್ನಂಥ ಸಣ್ಣವರಿಗೆ ಇದು ಹೊರೆಯೇ. ಕಾಲು ಕೆಜಿ ಕಾಫಿ ಪುಡಿ ಕೊಳ್ಳುವವರು ಪುಡಿಯ ಬೆಲೆ ಕೇಳುವ ಮೊದಲು ಕಳಿಸುವ ಖರ್ಚು ಕೇಳುತ್ತಾರೆ. ನಾನೀಗ ಅರ್ಧ ಕೆಜಿಗಿಂತ ಕಮ್ಮಿ ಆರ್ಡರ್ ತಗೊಳ್ಳುವುದನ್ನು ನಿಲ್ಲಿಸಿದ್ದೇನೆ.

ಖಾಸಗಿ ಕೊರಿಯರ್‌ಗಳು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಪಾರ್ಸೆಲ್ ಎಲ್ಲಿದೆ ಅಂತ ಹೆಜ್ಜೆ ಹೆಜ್ಜೆಗೂ ತೋರಿಸುತ್ತಾರೆ. ಭಾರದ ಪಾರ್ಸೆಲ್‌ಗೆ ಚೌಕಾಸಿ ಮಾಡಬಹುದು. ದೊಡ್ಡ ಊರಿನಿಂದ ದೊಡ್ಡ ಊರಿಗೆ ನಿಜಕ್ಕೂ ಬೇಗ. ಆದರೆ ಎರಡು ವಿಷಯ ತಿಳಿದುಕೊಂಡೇ ಹೋಗಿ.

ಒಂದು, ಡಬ್ಬದ ಅಳತೆಯ ತೂಕ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. ನಾನು ಅರ್ಧ ಕೆಜಿಯ ಎರಡು ಜೇನಿನ ಬಾಟಲಿಗಳನ್ನು 30, 20, 20ರ ಡಬ್ಬದಲ್ಲಿ ಹಾಕುತ್ತಿದ್ದೆ. ತಕ್ಕಡಿಯಲ್ಲಿ 1.6 ಕೆಜಿ. ಲೆಕ್ಕದಲ್ಲಿ 2.4. ಬಿಲ್ ಬಂದದ್ದು ಎರಡೂವರೆ ಕೆಜಿಗೆ. ಒಂದು ವರ್ಷ ಹೀಗೇ ಕಟ್ಟಿದ್ದೇನೆ. ಯಾರೂ ಹೇಳಿರಲಿಲ್ಲ. ಈಗ ಬಾಟಲಿಗೆ ತಕ್ಕ ಸಣ್ಣ ಡಬ್ಬಗಳನ್ನೇ ಮೈಸೂರಿನಿಂದ ತರಿಸುತ್ತೇನೆ.

ಎರಡು, ಒಡೆದರೆ ಏನು ಅನ್ನುವುದು. ಒಮ್ಮೆ ಪುಣೆಗೆ ಹೋದ ಜೇನಿನ ಡಬ್ಬ ತಲೆಕೆಳಗಾಗಿ, ಒಂದು ಬಾಟಲಿ ಒಡೆದು ತಲುಪಿತು. ಆ ಮನೆಯವರು ಬಹಳ ಒಳ್ಳೆಯವರು. ತೆರೆಯುವಾಗಲೇ ವಿಡಿಯೋ ಮಾಡಿ ಕಳಿಸಿದರು. ಕೊರಿಯರ್‌ನವರು "ನಿಮ್ಮ ಪ್ಯಾಕಿಂಗ್ ಸರಿ ಇಲ್ಲ" ಅಂತ ಒಂದೇ ಸಾಲಿನಲ್ಲಿ ಮುಗಿಸಿದರು. ಮೂರು ಈಮೇಲ್‌ಗೆ ಉತ್ತರವೇ ಇಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ರಸೀದಿ, ವಿಡಿಯೋ ಎಲ್ಲ ಕೊಟ್ಟೆ. ಮೂರು ವಾರದಲ್ಲಿ ಸಾಗಣೆ ದುಡ್ಡು ವಾಪಸ್ ಬಂತು. ಜೇನಿನ ದುಡ್ಡು ಬರಲಿಲ್ಲ, ಯಾಕೆಂದರೆ ನಾನು ಬುಕ್ ಮಾಡುವಾಗ ವಸ್ತುವಿನ ಬೆಲೆ ಬರೆಸಿರಲಿಲ್ಲ. ಈಗ ಪ್ರತಿ ಸಲ ಬರೆಸುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಕಂಪನಿಯ ಕಚೇರಿ ಎಲ್ಲೋ ಇದೆ ಅಂತ ಸುಮ್ನೆ ಬಿಡಬೇಡಿ.

ಬಸ್ಸನ್ನು ಮರೆಯಬಾರದು. ಬೆಣ್ಣೆಹಣ್ಣು, ಕಿತ್ತಳೆಯಂಥ ಹಾಳಾಗುವ ವಸ್ತುವಿಗೆ ಬಸ್ಸಿನಷ್ಟು ಒಳ್ಳೆಯದು ಇಲ್ಲ. ರಾತ್ರಿ ಮಡಿಕೇರಿಯಲ್ಲಿ ಹಾಕಿದರೆ ಬೆಳಿಗ್ಗೆ ಬೆಂಗಳೂರು. ಕೆಎಸ್‌ಆರ್‌ಟಿಸಿ 2021ರಲ್ಲಿ ನಮ್ಮ ಕಾರ್ಗೋ ಅಂತ ತನ್ನದೇ ಸೇವೆ ಶುರು ಮಾಡಿದ ಮೇಲೆ ರಸೀದಿ ಸಮೇತ ಕಳಿಸಬಹುದು. ಆದರೆ ಅತ್ತ ಕಡೆಯವರು ಬಸ್‌ಸ್ಟ್ಯಾಂಡ್‌ಗೆ ಬಂದು ತಗೋಬೇಕು. ಮೆಷಿನ್ ಬಿಡಿಭಾಗಕ್ಕೆ ನಾವು ಇವತ್ತಿಗೂ ಮೈಸೂರಿನ ಅಂಗಡಿಗೆ ಫೋನ್ ಮಾಡುತ್ತೇವೆ. ಅವರು ಕಂಡಕ್ಟರ್ ಕೈಯಲ್ಲಿ ಕೊಟ್ಟು ಬಸ್ಸಿನ ನಂಬರ್ ಹೇಳುತ್ತಾರೆ. ಸಂಜೆಗೆ ನಾಪೋಕ್ಲಿನಲ್ಲಿ ಇಸ್ಕೊಳ್ಳುತ್ತೇವೆ.

ಮಾರುಕಟ್ಟೆಯಲ್ಲಿ ಕೊರಿಯರ್ ಕಂಪನಿಗಳು ಈಗ ಒಂದನ್ನೊಂದು ಕೊಳ್ಳುತ್ತಿವೆ. 2025ರಲ್ಲಿ ಡೆಲ್ಹಿವರಿ ಕಂಪನಿ ಇಕಾಮ್ ಎಕ್ಸ್‌ಪ್ರೆಸ್ಸನ್ನು ಕೊಂಡುಕೊಂಡಿತು. ಅಮೆಜಾನ್, ಫ್ಲಿಪ್‌ಕಾರ್ಟ್ ತಮ್ಮದೇ ಸಾಗಣೆ ಇಟ್ಟುಕೊಂಡಿವೆ. ಬೆಂಗಳೂರಿನಲ್ಲಿ ಒಂದು ಹೆಸರು ಕಮ್ಮಿಯಾದರೆ ಗೊತ್ತಾಗದೇ ಇರಬಹುದು. ಇಲ್ಲಿ ಇರುವುದೇ ಎರಡು ಮೂರು ಬೈಕ್. ಒಂದು ನಿಂತರೆ ಊರಿಗೇ ಗೊತ್ತಾಗುತ್ತದೆ.

ಈಗ ನಾನು ಮಾಡುತ್ತಿರುವುದು ಹೀಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವುದೂ ಹೋಗುವುದೂ ಆದಷ್ಟೂ ಅಂಚೆಯಲ್ಲೇ. ಗಾಜಿನ ಬಾಟಲಿ ಮತ್ತು ಐದು ಕೆಜಿ ಮೇಲಿನದು ಅಕ್ಟೋಬರ್ ನಂತರ, ಮಡಿಕೇರಿಯ ಖಾಸಗಿ ಕೌಂಟರ್‌ಗೆ ನಾನೇ ಒಯ್ದು ಕೊಡುತ್ತೇನೆ. ಹಣ್ಣು ಬಸ್ಸಿಗೆ. ವಿಳಾಸದಲ್ಲಿ ಮನೆತನದ ಹೆಸರು, ಗ್ರಾಮ, ಅಂಚೆ, ಪಿನ್‌ಕೋಡ್ 571214, ಮೈದುನನ ಹೆಂಡತಿಯ ನಂಬರ್ ಸೇರಿ ಎರಡು ಫೋನ್ ನಂಬರ್. ಡಬ್ಬದೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಕಡ್ಡಾಯ.

ಉಳಿದಿರುವ ತೊಂದರೆ ಓಟಿಪಿಯದ್ದು. ಈಗ ಹೆಚ್ಚಿನವರು ಓಟಿಪಿ ಹೇಳಿದರೆ ಮಾತ್ರ ಪಾರ್ಸೆಲ್ ಕೊಡುತ್ತಾರೆ. ಅಂಚೆಯಲ್ಲಿ ಕಳಿಸುವವರು 5 ರೂಪಾಯಿ ಹೆಚ್ಚು ಕೊಟ್ಟು ಕೇಳಿದರೆ ಮಾತ್ರ ಅದು ಇರುತ್ತದೆ. ಭದ್ರತೆಗೆ ಒಳ್ಳೆಯದೇ. ಆದರೆ ಕರೆಂಟ್ ಹೋದರೆ ನಮ್ಮ ಟವರ್ ಸ್ವಲ್ಪ ಹೊತ್ತಿನಲ್ಲೇ ಸಾಯುತ್ತದೆ, ಮೆಸೇಜ್ ಬರುವುದಿಲ್ಲ. ಹೋದ ಜುಲೈಯಲ್ಲಿ ಪಾರ್ಸೆಲ್ ತಂದ ಹುಡುಗ ಜಗಲಿಯಲ್ಲಿ ನೆನೆದು ನಿಂತಿದ್ದ. ನಾನು ಕೊಡೆ ಹಿಡಿದು ಮನೆಯ ಹಿಂದಿನ ಬಾಣೆಯ ದಿಣ್ಣೆ ಹತ್ತಿ, ಎರಡು ಗೀಟು ಸಿಗ್ನಲ್ ಸಿಗುವ ಹಲಸಿನ ಮರದ ಕೆಳಗೆ ನಿಂತು, ಓಟಿಪಿ ಬಂದ ಮೇಲೆ ಅಲ್ಲಿಂದಲೇ ಕೂಗಿ ನಂಬರ್ ಹೇಳಿದೆ. ಅವನು ಕೊಟ್ಟು, ಬಿಸಿ ಕಾಫಿ ಕುಡಿದು, ಮುಂದಿನ ಗೇಟ್‌ಗೆ ಹೊರಟ.