ಚಾಕು ಮಾಡಲು ಕಲಿಸುವ ವಿಡಿಯೋ ಕೋರ್ಸ್: ಬಣ್ಣ ನಂಬಬೇಡಿ, ಸದ್ದು ಕೇಳಿ

ಈ ಕೋರ್ಸ್‌ನ ಹೀಟ್ ಟ್ರೀಟ್‌ಮೆಂಟ್ ಪಾಠದ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅಲಗನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಪಾಠ ಅದು. ಕಲಿಸುವವರು ಅಲಗನ್ನು ಕುಲುಮೆಯಿಂದ ತೆಗೆದು "ಈ ಬಣ್ಣ ನೋಡಿಕೊಳ್ಳಿ, ಈಗ ಎಣ್ಣೆಗೆ" ಅನ್ನುತ್ತಾರೆ. ಯಾವ ಬಣ್ಣ? ಕ್ಯಾಮೆರಾ ತಾನಾಗಿಯೇ ಬೆಳಕು ಹೊಂದಿಸಿಕೊಳ್ಳುತ್ತದೆ. ಕುಲುಮೆಯೊಳಗೆ ಕಿತ್ತಳೆ, ಹೊರಗೆ ಬಂದರೆ ಬಿಳಿ ಹಳದಿ. ನನ್ನ ಫೋನಲ್ಲಿ ಒಂದು ಬಣ್ಣ, ಲ್ಯಾಪ್‌ಟಾಪಲ್ಲಿ ಇನ್ನೊಂದು. ಇನ್ನು ಬೆಂಗಳೂರಿನ ಟೆರೇಸಿನ ಮಧ್ಯಾಹ್ನದ ಬಿಸಿಲಲ್ಲಿ ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ವಿಡಿಯೋದ ಬಣ್ಣ ಬರಲಿ ಅಂತ ಕಾಯಿಸುತ್ತಾ ಹೋದರೆ ಉಕ್ಕಿನ ಕಣಗಳು ದಪ್ಪಗಾಗುತ್ತವೆ. ಅಂಥ ಅಲಗು ಬಿಸ್ಕತ್ತಿನ ಹಾಗೆ ಮುರಿಯುತ್ತದೆ.

ಅವರು ಹೇಳಬೇಕಾಗಿದ್ದದ್ದು ಎರಡೇ ಮಾತು. ಒಂದು, ಸಂಜೆ ಕತ್ತಲಾದ ಮೇಲೆ ಮಾಡಿ. ಇನ್ನೊಂದು, ಪಕ್ಕದಲ್ಲಿ ಅಯಸ್ಕಾಂತ ಇಟ್ಟುಕೊಳ್ಳಿ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನು ಸ್ವಲ್ಪ ಮೇಲೆ, 1084 ಅನ್ನುವ ಕಾರ್ಬನ್ ಉಕ್ಕಾದರೆ 815 ಡಿಗ್ರಿಯ ಆಸುಪಾಸಿನಲ್ಲಿ, ಎಣ್ಣೆಗೆ ಇಳಿಸಬೇಕು. ಆರೇಳು ಸಾವಿರ ರೂಪಾಯಿ ಕೊಟ್ಟವರಿಗೆ ಇಷ್ಟನ್ನಾದರೂ ಹೇಳಬೇಕು ಅಲ್ವಾ?

ಉಕ್ಕಿನ ವಿಚಾರವೂ ಹಾಗೇ. 1084 ತರಿಸಿ ಅಂದು ಮುಂದೆ ಹೋಗುತ್ತಾರೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ಸಿಗುವುದು ಇಎನ್31 ಅನ್ನುವ ಉಕ್ಕು. ಬೇರಿಂಗಿಗೆ ಹಾಕುವ ಒಳ್ಳೆಯ ಉಕ್ಕು ಅದು. ಆದರೆ ಅದನ್ನು ಒಂದೇ ಬಿಸಿಯಲ್ಲಿ ಸ್ವಲ್ಪ ಹೊತ್ತು ಹಿಡಿದಿಡಬೇಕು, ಸಣ್ಣ ಗ್ಯಾಸ್ ಕುಲುಮೆಗೆ ಅದು ಕಷ್ಟ. ನಾನು ಗುಜರಿಯಿಂದ ಲಾರಿಯ ಲೀಫ್ ಸ್ಪ್ರಿಂಗ್ ತುಂಡು ತರುತ್ತೇನೆ. ಮೊದಲು ಒಂದು ಚೂರನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮುರಿದು ನೋಡುತ್ತೇನೆ. ಒಳಗೆ ನುಣ್ಣಗೆ ಬೂದು ಬಣ್ಣ ಕಂಡರೆ ಮುಂದಿನ ಕೆಲಸ.

ಇಷ್ಟಾದರೂ ಕೋರ್ಸ್ ಬಿಟ್ಟಿಲ್ಲ. ಕಾರಣ, ಅರ (ಫೈಲ್) ಉಜ್ಜಿ ಅಲಗಿಗೆ ಆಕಾರ ಕೊಡುವ ಪಾಠ.

ರಾತ್ರಿ ಊಟ ಮುಗಿದು ಪಾತ್ರೆ ತೊಳೆದ ಮೇಲೆ ಟೆರೇಸಿನ ಹಲಗೆಗೆ ಅಲಗನ್ನು ಕ್ಲಾಂಪ್ ಹಾಕಿ ಬಿಗಿಯುತ್ತೇನೆ. ಅದರ ಮೇಲೆಲ್ಲ ನೀಲಿ ಮಾರ್ಕರ್ ಬಳಿಯುತ್ತೇನೆ. ಅರ ಎಲ್ಲಿ ತಾಗಿದೆ, ಎಲ್ಲಿ ಇಲ್ಲ ಅಂತ ಆಗ ಕಾಣುತ್ತದೆ. ಅರಕ್ಕೆ ಸೀಮೆಸುಣ್ಣ ತಿಕ್ಕುತ್ತೇನೆ. ಇಲ್ಲದಿದ್ದರೆ ಉಕ್ಕಿನ ಪುಡಿ ಹಲ್ಲುಗಳ ನಡುವೆ ಸಿಕ್ಕಿಕೊಂಡು ಗೀರು ಬೀಳುತ್ತದೆ. ಆಮೇಲೆ ಒಂದು ಕಿವಿಗೆ ಮಾತ್ರ ಇಯರ್‌ಫೋನ್. ಈ ಪಾಠವನ್ನು ಅವರು ಕತ್ತರಿಸದೆ ಹಾಗೇ ಬಿಟ್ಟಿದ್ದಾರೆ. ಮಾತಿಲ್ಲ, ಮ್ಯೂಸಿಕ್ ಇಲ್ಲ. ಅರ ಮುಂದಕ್ಕೆ ಹೋಗುವಾಗ ಒತ್ತುತ್ತಾರೆ, ಹಿಂದಕ್ಕೆ ತರುವಾಗ ಎತ್ತುತ್ತಾರೆ. ಸರಿಯಾಗಿ ಕಚ್ಚಿದಾಗ 'ಸರ್ರ್' ಅಂತ ದಪ್ಪ ಸದ್ದು. ಕೋನ ತಪ್ಪಿದರೆ 'ಕಿರ್ರ್' ಅನ್ನುತ್ತದೆ. ಇನ್ನೊಂದು ಕಿವಿಗೆ ನನ್ನ ಅರದ ಸದ್ದು ಕೇಳಿಸುತ್ತಿರುತ್ತದೆ. ಎರಡೂ ಒಂದೇ ಆಗುವವರೆಗೆ ಕೈ ಹೊಂದಿಸುತ್ತೇನೆ. ಮೈಕು ಕ್ಯಾಮೆರಾದ ಹಾಗೆ ಮೋಸ ಮಾಡುವುದಿಲ್ಲ. ಎಣ್ಣೆಯಿಂದ ತೆಗೆದ ಅಲಗು ಗಟ್ಟಿಯಾಗಿದೆಯೋ ಇಲ್ಲವೋ ಅನ್ನುವುದನ್ನೂ ಇದೇ ಪಾಠದಿಂದ ಕಲಿತೆ. ಗಟ್ಟಿಯಾಗಿದ್ದರೆ ಅರ ಕಚ್ಚದೆ ಜಾರುತ್ತದೆ, ಸದ್ದು ಸಣ್ಣಗಾಗಿ ಮೇಲಕ್ಕೇರುತ್ತದೆ.

ಹತ್ತು ಗಂಟೆಯಾದರೂ ಕೆಳಗಿನ ಮನೆಯ ಆಂಟಿ ಒಂದು ಮಾತೂ ಅಂದಿಲ್ಲ. ಉಕ್ಕು ಉಜ್ಜುವ ಗ್ರೈಂಡರ್ ಯಂತ್ರ ಹಾಕಿದ್ದರೆ ಇದು ಸಾಧ್ಯವೇ ಇರಲಿಲ್ಲ. ದೊಡ್ಡ ಬೆಲ್ಟ್ ಗ್ರೈಂಡರ್ ಕೊಳ್ಳುವಷ್ಟು ದುಡ್ಡೂ ನನ್ನಲ್ಲಿಲ್ಲ.

ಕೊನೆಯ ಪಾಠದಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಪರೀಕ್ಷೆ ತೋರಿಸುತ್ತಾರೆ. ನೇತಾಡುವ ಹಗ್ಗ ಕತ್ತರಿಸಬೇಕು, ಮರ ಕಡಿಯಬೇಕು, ಆಮೇಲೂ ಕೂದಲು ಬೋಳಿಸಬೇಕು, 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ನೋಡಲು ಚೆನ್ನಾಗಿದೆ. ನನಗೆ ಬೇಕಿರುವುದು ಹುರುಳಿಕಾಯಿ ಹೆಚ್ಚುವ ಚಾಕು.

ಗಟ್ಟಿಯಾದ ಅಲಗು ಸುಲಭವಾಗಿ ಮುರಿಯದಂತೆ ಮತ್ತೆ ಹದವಾಗಿ ಕಾಯಿಸುವ ಟೆಂಪರಿಂಗಿಗೆ ಮನೆಯ ಒಟಿಜಿ ಓವನ್ ಸಾಕು: 200 ಡಿಗ್ರಿ, ಎರಡು ಗಂಟೆಯಂತೆ ಎರಡು ಸಲ. ಅದರ ಡಯಲ್ ಮಾತ್ರ ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ.

ಗ್ರೈಂಡರ್ ಇರುವವರು ಬೇರೆ ಕೋರ್ಸ್ ನೋಡಿ. ಅರ ಹಿಡಿದು ಕಲಿಯುವವರು ರಿಯಾಯಿತಿ ಬಂದಾಗ ಖಂಡಿತ ತೆಗೆದುಕೊಳ್ಳಿ. ಹೀಟ್ ಟ್ರೀಟ್‌ಮೆಂಟ್ ಪಾಠವನ್ನು ಎಕ್ಸ್‌ಪೋಷರ್ ಲಾಕ್ ಮಾಡಿ (ಕ್ಯಾಮೆರಾ ತಾನಾಗಿ ಬೆಳಕು ಬದಲಿಸದ ಹಾಗೆ), ಅಯಸ್ಕಾಂತ ಇಟ್ಟುಕೊಂಡು ಮತ್ತೆ ಶೂಟ್ ಮಾಡಿ ಅಂತ ಅವರಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಂದರೆ ಇಲ್ಲೇ ಸೇರಿಸುತ್ತೇನೆ.